ಮನೆಯ ಬೆಕ್ಕು, ಕೆರೆಯ ಮಿಂಚುಳ್ಳಿ: ಎರಡಕ್ಕೂ ಹೊಂದುವ ಡಿಎಸ್‌ಎಲ್‌ಆರ್ ಆರಿಸುವುದು ಹೇಗೆ?

ನಮ್ಮ ಮೇಲಿನ ಮನೆಯ ಅಕ್ಕ ಹೋದ ತಿಂಗಳು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಕೇಳಿದರು. "ನಮ್ಮ ಚಿನ್ನಿ ಫೋಟೊ ಚೆನ್ನಾಗಿ ತೆಗೀಬೇಕು ಕಣೋ. ಡಿಸೆಂಬರ್‌ನಲ್ಲಿ ಕಬಿನಿಗೂ ಹೋಗ್ತೀವಿ. ಒಂದು ಡಿಎಸ್‌ಎಲ್‌ಆರ್ ತಗೋಬೇಕು ಅಂತಿದೀನಿ. ಯಾವುದು ತಗೊಳ್ಳಲಿ ಹೇಳು."

ಚಿನ್ನಿ ಅವರ ಬೆಕ್ಕು. ನಮ್ಮದು ಬಸವನಗುಡಿಯ ಹಳೇ ಕಟ್ಟಡ. ಹಾಲ್‌ಗೆ ಇರುವುದು ಒಂದೇ ಕಿಟಕಿ, ಸಂಜೆ ಐದಕ್ಕೆಲ್ಲ ಟ್ಯೂಬ್‌ಲೈಟ್ ಹಾಕಬೇಕು.

ಅಕ್ಕ ಒಂದೇ ಪ್ರಶ್ನೆ ಕೇಳಿದ ಹಾಗಿತ್ತು. ಆದರೆ ಅದರಲ್ಲಿ ಎರಡು ಪ್ರಶ್ನೆ ಇವೆ. ಚಿನ್ನಿ ಕೂರುವುದು ಸೋಫಾ ಕೆಳಗೆ, ಕೈಗೆಟುಕುವ ದೂರದಲ್ಲಿ, ಅರೆಗತ್ತಲಲ್ಲಿ. ಕಬಿನಿಯ ಚಿರತೆ ಕಂಡರೂ ಐವತ್ತು ಮೀಟರ್ ಆಚೆ, ಯಾವುದೋ ಮರದ ಕೊಂಬೆ ಮೇಲೆ. ಒಂದು ಕಡೆ ಬೆಳಕು ಸಾಲದು, ಇನ್ನೊಂದು ಕಡೆ ದೂರ ಜಾಸ್ತಿ. ಅಂಗಡಿಗೆ ಹೋದರೆ ಮೊದಲು ಮೆಗಾಪಿಕ್ಸೆಲ್ ಲೆಕ್ಕ ಹೇಳುತ್ತಾರೆ. ಅದರಿಂದ ಈ ಎರಡೂ ತೊಂದರೆ ತೀರುವುದಿಲ್ಲ. ತೀರಿಸುವುದು ಮುಖ್ಯವಾಗಿ ಲೆನ್ಸ್, ಅದಾದ ಮೇಲೆ ಕ್ಯಾಮೆರಾದ ಫೋಕಸ್. ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ, ಉಳಿದ ಗುಣಗಳನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಅಕ್ಕನಿಗೆ ಅವತ್ತು ಮೆಟ್ಟಿಲ ಮೇಲೆ ಇಷ್ಟು ಮಾತ್ರ ಹೇಳಿದೆ. ಹಾಗೆ ಯಾಕೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಡಿಎಸ್‌ಎಲ್‌ಆರ್ ಒಳಗೆ ಏನಿದೆ ನೋಡೋಣ. ಲೆನ್ಸ್‌ನಿಂದ ಬಂದ ಬೆಳಕು ಓರೆಯಾಗಿ ನಿಂತ ಒಂದು ಕನ್ನಡಿಗೆ ಬಡಿದು ಮೇಲೆ ಹೋಗುತ್ತದೆ, ಅಲ್ಲಿಂದ ನಿಮ್ಮ ಕಣ್ಣಿಗೆ ಬರುತ್ತದೆ. ಅಂದರೆ ವ್ಯೂಫೈಂಡರ್‌ನಲ್ಲಿ ನೀವು ನೋಡುವುದು ನಿಜವಾದ ಬೆಳಕನ್ನೇ, ಪರದೆಯ ಚಿತ್ರವನ್ನಲ್ಲ. ಆ ಕನ್ನಡಿ ಸ್ವಲ್ಪ ಬೆಳಕನ್ನು ತನ್ನ ಮೂಲಕ ಹಿಂದಕ್ಕೂ ಬಿಡುತ್ತದೆ. ಹಿಂದೆ ಇರುವ ಇನ್ನೊಂದು ಪುಟ್ಟ ಕನ್ನಡಿ ಆ ಬೆಳಕನ್ನು ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸೆನ್ಸರ್‌ಗೆ ಕಳಿಸುತ್ತದೆ. ಗುಂಡಿ ಒತ್ತಿದ ತಕ್ಷಣ ಎರಡೂ ಕನ್ನಡಿ ಮೇಲೆದ್ದು, ಬೆಳಕು ನೇರವಾಗಿ ಚಿತ್ರದ ಸೆನ್ಸರ್ ಮೇಲೆ ಬೀಳುತ್ತದೆ. ಆ ಟಪ್ ಅನ್ನುವ ಸದ್ದು ಕನ್ನಡಿಯದು. ಕನ್ನಡಿ ಎದ್ದಿರುವಷ್ಟು ಹೊತ್ತು ಫೋಕಸ್ ಸೆನ್ಸರ್ ಕುರುಡು. ಇದನ್ನು ನೆನಪಿಟ್ಟುಕೊಳ್ಳಿ, ಓಡುವ ನಾಯಿಯ ವಿಷಯ ಬಂದಾಗ ಬೇಕಾಗುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕೆನಾನ್, ನಿಕಾನ್ ಎರಡೂ ಕಂಪನಿಗಳ ಗಮನ ಈಗ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೋಗಿದೆ. ಅವುಗಳ ಕೊನೆಯ ದೊಡ್ಡ ಡಿಎಸ್‌ಎಲ್‌ಆರ್‌ಗಳಾದ ಕೆನಾನ್ 1ಡಿ ಎಕ್ಸ್ ಮಾರ್ಕ್ 3 ಮತ್ತು ನಿಕಾನ್ ಡಿ6 ಬಂದದ್ದು 2020ರಲ್ಲಿ. ಹಾಗಂತ ಡಿಎಸ್‌ಎಲ್‌ಆರ್ ಕೆಟ್ಟದ್ದಾಗಲಿಲ್ಲ. ಜನ ಮಿರರ್‌ಲೆಸ್‌ಗೆ ಹೋಗುತ್ತಾ ತಮ್ಮ ಒಳ್ಳೊಳ್ಳೆ ಬಾಡಿ, ಲೆನ್ಸ್ ಮಾರುತ್ತಿದ್ದಾರೆ. ಹಿಂದೆ ನಮ್ಮ ಕೈಗೆಟುಕದಿದ್ದ ವಸ್ತುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಈಗ ಎಟುಕುತ್ತಿವೆ. ಬ್ಯಾಟರಿಯೂ ತುಂಬ ಹೊತ್ತು ಬರುತ್ತದೆ. ನಿಕಾನ್ ಡಿ500 ಒಂದು ಚಾರ್ಜ್‌ಗೆ ಸುಮಾರು 1,240 ಚಿತ್ರ ತೆಗೆಯುತ್ತದೆ ಎಂದು ಕಂಪನಿ ಹೇಳಿದೆ. ಕಾಡಿನಲ್ಲಿ ಇದು ದೊಡ್ಡ ಸಮಾಧಾನ. ಮಿರರ್‌ಲೆಸ್‌ನ ದೊಡ್ಡ ಗೆಲುವು ಪ್ರಾಣಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವುದು. ಡಿಎಸ್‌ಎಲ್‌ಆರ್ ವ್ಯೂಫೈಂಡರ್‌ನಲ್ಲಿ ಆ ಸೌಲಭ್ಯ ಇಲ್ಲ. ನಾಯಿ, ಬೆಕ್ಕುಗಳನ್ನಷ್ಟೇ ತೆಗೆಯುವವರು, ಕೈಯಲ್ಲಿ ಹಣವೂ ಇದ್ದರೆ, ಮಿರರ್‌ಲೆಸ್ ನೋಡುವುದೇ ಒಳ್ಳೆಯದು. ಕಡಿಮೆ ಹಣದಲ್ಲಿ ಕಾಡು, ಮನೆ ಎರಡನ್ನೂ ಹಿಡಿಯಬೇಕು ಅನ್ನುವವರಿಗೆ ನಾನು ಇವತ್ತಿಗೂ ಡಿಎಸ್‌ಎಲ್‌ಆರ್ ಅನ್ನೇ ಹೇಳುತ್ತೇನೆ.

ಈಗ ದೂರದ ಲೆಕ್ಕಕ್ಕೆ ಬರೋಣ. ಇದನ್ನು ಒಮ್ಮೆ ಅಂಕಿಯಲ್ಲಿ ನೋಡಿಬಿಟ್ಟರೆ ಆಮೇಲೆ ಯಾರೂ ನಿಮಗೆ ಬೇಡದ ಲೆನ್ಸ್ ಮಾರಲಾರರು.

ಲಾಲ್‌ಬಾಗ್ ಕೆರೆ ದಂಡೆಯಲ್ಲಿ ಬೆಳಿಗ್ಗೆ ಹೊತ್ತು ಎದೆ ಬೆಳ್ಳಗಿರುವ ಮಿಂಚುಳ್ಳಿ ಕೂರುತ್ತದೆ. ಕೊಕ್ಕಿನಿಂದ ಬಾಲದವರೆಗೆ ಸುಮಾರು 28 ಸೆಂಟಿಮೀಟರ್. ನಿಮಗೂ ಅದಕ್ಕೂ ನಡುವೆ 15 ಮೀಟರ್ ಇದೆ ಅಂದುಕೊಳ್ಳಿ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ ಅನ್ನು ಪೂರ್ತಿ ಎಳೆದು 55 ಮಿ.ಮೀ.ಗೆ ಇಟ್ಟರೂ ಸೆನ್ಸರ್ ಮೇಲೆ ಆ ಹಕ್ಕಿಯ ಬಿಂಬ ಬರೀ ಒಂದು ಮಿಲಿಮೀಟರ್. ಸೆನ್ಸರ್ ಅಗಲ ಸುಮಾರು 23.5 ಮಿಲಿಮೀಟರ್. 24 ಮೆಗಾಪಿಕ್ಸೆಲ್ ಚಿತ್ರದ ಅಗಲದಲ್ಲಿ 6,000 ಪಿಕ್ಸೆಲ್ ಇದ್ದರೆ, ಹಕ್ಕಿಗೆ ಸಿಗುವುದು ಸುಮಾರು 260. ಅದನ್ನು ಹಿಗ್ಗಿಸಿದರೆ ನೀಲಿ ಚುಕ್ಕೆ ಕಾಣುತ್ತದೆ, ಗರಿ ಕಾಣುವುದಿಲ್ಲ. ಅದೇ ಜಾಗದಿಂದ 300 ಮಿ.ಮೀ. ಲೆನ್ಸ್ ಹಾಕಿದರೆ ಬಿಂಬ 5.6 ಮಿಲಿಮೀಟರ್, ಅಂದರೆ ಸುಮಾರು 1,430 ಪಿಕ್ಸೆಲ್. ಚಿತ್ರದ ಕಾಲು ಭಾಗದಷ್ಟು ಅಗಲ. 500 ಮಿ.ಮೀ. ಹಾಕಿದರೆ 2,380 ಪಿಕ್ಸೆಲ್‌ವರೆಗೆ ಬರುತ್ತದೆ. ಗರಿ ಗರಿಯೂ ಬಿಡಿಬಿಡಿಯಾಗಿ ಕಾಣುವುದು ಆಗ.

ಬಾಡಿಯನ್ನು 24 ಮೆಗಾಪಿಕ್ಸೆಲ್‌ನಿಂದ 32ಕ್ಕೆ ಏರಿಸಿದರೆ ಅಗಲದಲ್ಲಿ ಸಿಗುವ ಲಾಭ ನೂರಕ್ಕೆ ಹದಿನೈದು, ಹದಿನಾರರಷ್ಟು. 55ರಿಂದ 300ಕ್ಕೆ ಹೋದರೆ ಐದು ಪಟ್ಟಿಗಿಂತ ಜಾಸ್ತಿ. ಹಣ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ಇಲ್ಲೇ ಫುಲ್ ಫ್ರೇಮ್, ಕ್ರಾಪ್ ಸೆನ್ಸರ್ ಗೊಂದಲವನ್ನೂ ಬಿಡಿಸಬಹುದು. ಫುಲ್ ಫ್ರೇಮ್ ಸೆನ್ಸರ್ ಅಳತೆ 36 x 24 ಮಿಲಿಮೀಟರ್. ಕ್ರಾಪ್ ಸೆನ್ಸರ್ ಅದಕ್ಕಿಂತ ಚಿಕ್ಕದು, ಮೇಲಿನ ಲೆಕ್ಕದ 23.5 ಮಿಲಿಮೀಟರ್ ಅಗಲ ಇದರದ್ದೇ. ಹಕ್ಕಿಯ ಬಿಂಬ ಎರಡರ ಮೇಲೂ ಅಷ್ಟೇ ದೊಡ್ಡದಾಗಿ ಬೀಳುತ್ತದೆ. ಆದರೆ ಚಿಕ್ಕ ಸೆನ್ಸರ್‌ನಲ್ಲಿ ಸುತ್ತಲಿನ ಭಾಗ ಕಡಿದುಹೋಗುವುದರಿಂದ ಹಕ್ಕಿ ಚೌಕಟ್ಟನ್ನು ಹೆಚ್ಚು ತುಂಬುತ್ತದೆ. ಅದಕ್ಕೇ ನಿಕಾನ್‌ನಲ್ಲಿ 1.5, ಕೆನಾನ್‌ನಲ್ಲಿ 1.6ರಿಂದ ಗುಣಿಸಿ ಹೇಳುವುದು. ನಿಕಾನ್ ಕ್ರಾಪ್ ಬಾಡಿಯಲ್ಲಿ 300 ಮಿ.ಮೀ. ಲೆನ್ಸ್ 450ರ ನೋಟ ಕೊಡುತ್ತದೆ. ಫುಲ್ ಫ್ರೇಮ್ ಕತ್ತಲಲ್ಲಿ ಹೆಚ್ಚು ಸ್ವಚ್ಛ ಚಿತ್ರ ಕೊಡುವುದು ನಿಜ. ಆದರೆ ಅದರ ಬಾಡಿಯೂ ದುಬಾರಿ, ಅಷ್ಟೇ ನೋಟ ಬೇಕೆಂದರೆ ಲೆನ್ಸೂ ಉದ್ದ ಬೇಕು, ಭಾರವೂ ಜಾಸ್ತಿ. ಮೊದಲ ಕ್ಯಾಮೆರಾ ಕೊಳ್ಳುವವರಿಗೆ ಕ್ರಾಪ್ ಸೆನ್ಸರೇ ಸರಿ. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಲೆನ್ಸ್‌ಗಳಲ್ಲಿ ಮೊದಲ ಮೆಟ್ಟಿಲು ನಿಕಾನ್‌ನ ಎಎಫ್-ಪಿ 70-300 (ಕ್ರಾಪ್ ಬಾಡಿಗೆಂದು ಮಾಡಿದ ಡಿಎಕ್ಸ್ ಲೆನ್ಸ್), ಕೆನಾನ್‌ನ 55-250 ಎಸ್‌ಟಿಎಂ. ಎರಡೂ ಅರ್ಧ ಕೆಜಿಗಿಂತ ಹಗುರ. ಜೋಳಿಗೆಯಲ್ಲಿ ಹಾಕಿಕೊಂಡು ಕಬ್ಬನ್ ಪಾರ್ಕ್‌ನಲ್ಲಿ ಅಡ್ಡಾಡಬಹುದು. ಒಂದು ಎಚ್ಚರಿಕೆ: ಎಎಫ್-ಪಿ ಲೆನ್ಸ್‌ಗಳು ಡಿ90, ಡಿ7000ನಂಥ ಹಳೆಯ ನಿಕಾನ್ ಬಾಡಿಗಳಲ್ಲಿ ಫೋಕಸ್ ಮಾಡುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮ ಬಾಡಿಗೆ ಹಾಕಿ ನೋಡಿ. ಮುಂದಿನ ಮೆಟ್ಟಿಲು ನಿಕಾನ್ 200-500 ಎಫ್ 5.6, ಇಲ್ಲವೇ ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150-600. ಇವೆಲ್ಲ ಎರಡು ಕೆಜಿ ಆಸುಪಾಸು. ನಿಕಾನ್ 200-500 ಒಂದೇ 2.3 ಕೆಜಿ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಎರಡು ಗಂಟೆ ಅದನ್ನು ಹೊತ್ತು ನಡೆದರೆ ಭುಜಕ್ಕೆ ಅದರ ಅರ್ಥ ಗೊತ್ತಾಗುತ್ತದೆ.

ದೂರವನ್ನು ಲೆನ್ಸ್ ಒಂದೇ ಕಮ್ಮಿ ಮಾಡುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ನಮ್ಮ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅಂಥ ವನ್ಯಜೀವಿ ಛಾಯಾಗ್ರಾಹಕರು ಫಿಲ್ಮ್ ಕಾಲದಲ್ಲಿ ಕೆಲಸ ಮಾಡಿದವರು. ರೋಲಿಗೆ 36 ಚಿತ್ರ, ಕೈಯಲ್ಲೇ ಫೋಕಸ್. ಪ್ರಾಣಿ, ಹಕ್ಕಿಯ ನಡವಳಿಕೆ ತಿಳಿದುಕೊಂಡು ಕಾದು ಕೂರುವುದೇ ಅಂದಿನ ದೊಡ್ಡ ಬಂಡವಾಳ. ಹಕ್ಕಿ ತಾನಾಗಿ ಅರ್ಧ ದೂರ ಹತ್ತಿರ ಬಂದರೆ ನಿಮ್ಮ 300, 600ರ ಕೆಲಸ ಮಾಡುತ್ತದೆ. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರವೇ ಸಾಗುತ್ತದೆ, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗಾತ್ರದಲ್ಲೂ ದೊಡ್ಡವು. ಅಲ್ಲಿ 300 ಧಾರಾಳ. ಮದ್ದೂರು ಹತ್ತಿರದ ಕೊಕ್ಕರೆಬೆಳ್ಳೂರಿನಲ್ಲೂ ಅಷ್ಟೇ, ಊರಿನ ಮರಗಳಲ್ಲೇ ಗೂಡು. ಗೂಡಿನ ಹತ್ತಿರ ಹೋಗುವುದು, ಫ್ಲ್ಯಾಶ್ ಹಾಕುವುದು ಮಾತ್ರ ಬೇಡವೇ ಬೇಡ. ತಾಯಿ ಹಕ್ಕಿ ಹೆದರಿ ಎದ್ದುಹೋದರೆ ಮರಿ ಬಿಸಿಲಿಗೆ ಬೀಳುತ್ತದೆ.

ಇನ್ನು ಚಿನ್ನಿಯ ವಿಷಯ. ಇಲ್ಲಿ ಬೇಕಾದದ್ದು ಬೆಳಕು.

ಲೆನ್ಸ್ ಮೇಲೆ ಎಫ್ 1.8, ಎಫ್ 5.6 ಎಂದೆಲ್ಲ ಬರೆದಿರುತ್ತದೆ. ಅದು ಲೆನ್ಸ್‌ನ ಕಿಂಡಿ ಎಷ್ಟು ಅಗಲ ತೆರೆಯುತ್ತದೆ ಅನ್ನುವ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8 ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಟ್ಯೂಬ್‌ಲೈಟ್ ಹಾಕಿದ ಮಾಮೂಲಿ ಹಾಲ್‌ನಲ್ಲಿ, ಐಎಸ್ಒ, ಅಂದರೆ ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿಯನ್ನು, 3200ಕ್ಕೆ ಇಟ್ಟರೂ, ಎಫ್ 5.6ರಲ್ಲಿ ಶಟರ್ ವೇಗ ಸೆಕೆಂಡಿನ 30ನೇ ಒಂದು ಭಾಗದ ಹತ್ತಿರ ಬರುತ್ತದೆ. ಬೆಕ್ಕು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತಲೆ ತಿರುಗಿಸಿದರೆ ಅಷ್ಟರಲ್ಲಿ ಅದು ಮೂರು ಸೆಂಟಿಮೀಟರ್ ಸರಿದಿರುತ್ತದೆ. ಮುಖವೆಲ್ಲ ಕಲಸಿಹೋಗುತ್ತದೆ. ಎಫ್ 1.8ರಲ್ಲಿ 300ನೇ ಒಂದು ಭಾಗ ಸಿಗುತ್ತದೆ. ಆಗ ಸರಿದಿರುವುದು ಮೂರು ಮಿಲಿಮೀಟರ್ ಮಾತ್ರ. ಮೀಸೆ ನಿಲ್ಲುತ್ತದೆ.

ಲೆನ್ಸ್‌ನಲ್ಲಿರುವ ವಿಆರ್, ಐಎಸ್ ಎಂಬ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲಿ ನೆರವಾಗುವುದಿಲ್ಲ. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಬೆಕ್ಕಿನ ಓಡಾಟ ತಡೆಯುವುದಿಲ್ಲ.

ಹಾಗಾಗಿ ಸಾಕುಪ್ರಾಣಿಗೆ ನಾನು ಮೊದಲು ಹೇಳುವುದು 50 ಮಿ.ಮೀ. ಎಫ್ 1.8 ಲೆನ್ಸ್. ಎಲ್ಲ ಕಂಪನಿಯಲ್ಲೂ ಸಿಗುತ್ತದೆ, ಅಗ್ಗದ ಲೆನ್ಸ್‌ಗಳಲ್ಲಿ ಒಂದು. ಒಂದು ವಿಷಯ ತಿಳಿದಿರಲಿ. ಒಂದು ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಭಾಗದ ಆಳ ಮೂರು ಸೆಂಟಿಮೀಟರ್ ಆಸುಪಾಸು. ಬೆಕ್ಕಿನದು ಚಪ್ಪಟೆ ಮುಖ, ಹೇಗೋ ನಡೆಯುತ್ತದೆ. ಮುಧೋಳ ನಾಯಿಯ ಉದ್ದ ಮೂತಿಗೆ ಕಣ್ಣು ಸ್ಪಷ್ಟವಾದರೆ ಮೂಗು ಮಂಜು ಮಂಜು. ಕಿಟಕಿ ಬೆಳಕು ಇದ್ದಾಗ ಎಫ್ 2.8 ಅಥವಾ 4ಕ್ಕೆ ಬನ್ನಿ. ಐಎಸ್ಒ ಏರಿಸಿದರೆ ಚಿತ್ರ ಮರಳು ಮರಳಾಗುತ್ತದೆ ಎಂದು ಹೆದರುವವರಿದ್ದಾರೆ. ಮರಳು ಮರಳಾದ ಚಿತ್ರವನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಿದ್ದಬಹುದು, ಅಲುಗಿದ ಕಣ್ಣನ್ನು ತಿದ್ದುವುದು ಬಹಳ ಕಷ್ಟ.

ನಮ್ಮನೆ ಕರಿಯ ಬೀದಿಯಿಂದ ಬಂದ ಕಪ್ಪು ನಾಯಿ. ಫೋಕಸ್ ಅಂದರೆ ಏನು ಎಂದು ನನಗೆ ಕಲಿಸಿದವನು ಅವನೇ. ತುರಹಳ್ಳಿ ಕಡೆ ಒಂದು ಖಾಲಿ ಬಯಲಿನಲ್ಲಿ ಅವನನ್ನು ಬಿಟ್ಟು, ನಾನು ಕೂತು ಕರೆಯುತ್ತೇನೆ. ಕಿವಿ ಹಿಂದಕ್ಕೆ ಒತ್ತಿಕೊಂಡು, ನಾಲಿಗೆ ಒಂದು ಪಕ್ಕಕ್ಕೆ ಹಾರುತ್ತಾ, ನೇರ ನನ್ನ ಕಡೆಗೇ ಓಡಿ ಬರುತ್ತಾನೆ. ಗಂಟೆಗೆ 30 ಕಿಲೋಮೀಟರ್ ವೇಗ ಅಂದುಕೊಂಡರೂ ಸೆಕೆಂಡಿಗೆ ಎಂಟು ಮೀಟರ್ ಆಯಿತು. ಕೆನಾನ್ 1500ಡಿ ಸೆಕೆಂಡಿಗೆ ಮೂರು ಚಿತ್ರ ತೆಗೆಯುತ್ತದೆ. ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ನಾಯಿ ಎರಡೂವರೆ ಮೀಟರ್‌ಗಿಂತ ಜಾಸ್ತಿ ಹತ್ತಿರ ಬಂದಿರುತ್ತದೆ. ನಾಲ್ಕೂ ಕಾಲು ಗಾಳಿಯಲ್ಲಿದ್ದ ಆ ಕ್ಷಣ ಅದರ ಮಧ್ಯೆ ಎಲ್ಲೋ ಕಳೆದುಹೋಯಿತು. ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಬಾಡಿಯಲ್ಲಿ ಈ ಅಂತರ ಒಂದು ಮೀಟರ್‌ಗಿಂತ ಕಮ್ಮಿ.

ಬರೀ ವೇಗ ಇದ್ದರೆ ಸಾಲದು. ಕನ್ನಡಿ ಎದ್ದಾಗ ಫೋಕಸ್ ಸೆನ್ಸರ್ ಕುರುಡು ಅಂದೆನಲ್ಲ. ಪ್ರತಿ ಎರಡು ಚಿತ್ರದ ನಡುವೆ ಕನ್ನಡಿ ಇಳಿಯಬೇಕು, ಸೆನ್ಸರ್ ಮತ್ತೆ ಅಳೆಯಬೇಕು, ನಾಯಿ ಮುಂದೆ ಎಲ್ಲಿರುತ್ತದೆ ಎಂದು ಕ್ಯಾಮೆರಾ ಊಹಿಸಬೇಕು, ಲೆನ್ಸ್ ತಿರುಗಬೇಕು, ಕನ್ನಡಿ ಮತ್ತೆ ಏಳಬೇಕು. ಇದೆಲ್ಲ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ದುಬಾರಿ ಬಾಡಿಗೆ ನೀವು ಹಣ ಕೊಡುವುದು ಹೆಚ್ಚಾಗಿ ಈ ಕೆಲಸಕ್ಕೇ. ಫೋಕಸ್ ಬಿಂದುಗಳ ಸಂಖ್ಯೆ, ಅವು ಚೌಕಟ್ಟಿನಲ್ಲಿ ಎಷ್ಟು ಅಗಲ ಹರಡಿವೆ, ಅವುಗಳಲ್ಲಿ ಎಷ್ಟು ಕ್ರಾಸ್ ಟೈಪ್ ಅನ್ನುವುದನ್ನು ಕೇಳಿ. ಕ್ರಾಸ್ ಟೈಪ್ ಬಿಂದು ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುತ್ತದೆ. ಕರಿಯನಂಥ ಕಪ್ಪು ನಾಯಿಯ ಮೇಲೆ ಹಿಡಿತಕ್ಕೆ ಗೆರೆಗಳೇ ಕಮ್ಮಿ, ಆದ್ದರಿಂದ ಇದು ದೊಡ್ಡ ವ್ಯತ್ಯಾಸ ತರುತ್ತದೆ. ಕತ್ತಲಲ್ಲೂ ಹಾಗೇ. ಇವಿ ಅನ್ನುವುದು ಬೆಳಕಿನ ಅಳತೆ. ನಿಕಾನ್ ಡಿ3500ರ ಫೋಕಸ್ ಮೈನಸ್ 1 ಇವಿ ಬೆಳಕಿನವರೆಗೆ ಕೆಲಸ ಮಾಡುತ್ತದೆ, ಡಿ500ರದು ಮೈನಸ್ 4ರವರೆಗೆ. ಒಂದೊಂದು ಇವಿ ಇಳಿದಾಗಲೂ ಬೆಳಕು ಅರ್ಧವಾಗುತ್ತದೆ. ಅಂದರೆ ಡಿ500 ಎಂಟನೇ ಒಂದು ಭಾಗ ಬೆಳಕಿನಲ್ಲೂ ನೋಡಬಲ್ಲದು.

ಯಾವ ಬಾಡಿಯಾದರೂ ಸರಿ, ಓಡುವುದನ್ನು ತೆಗೆಯುವಾಗ ಫೋಕಸ್ ವಿಧಾನವನ್ನು ನಿಕಾನ್‌ನಲ್ಲಿ ಎಎಫ್-ಸಿ, ಕೆನಾನ್‌ನಲ್ಲಿ ಎಐ ಸರ್ವೋ ಎಂಬುದಕ್ಕೆ ಇಡಿ, ಆಗ ಫೋಕಸ್ ಪ್ರಾಣಿಯನ್ನು ಬಿಡದೆ ಹಿಂಬಾಲಿಸುತ್ತದೆ. ಅದನ್ನು ಬದಲಿಸದೆ ಎಷ್ಟೋ ಜನ ಕ್ಯಾಮೆರಾ ಸರಿಯಿಲ್ಲ ಎಂದು ಬೇಜಾರಾಗುತ್ತಾರೆ.

ಈಗ ಬಾಡಿಗಳ ಹೆಸರು ಹೇಳಬಹುದು. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಕ್ಕರೆ ನನ್ನ ಮೊದಲ ಆಯ್ಕೆ ನಿಕಾನ್ ಡಿ500. 2016ರಲ್ಲಿ ಬಂತು, 2022ರ ಹೊತ್ತಿಗೆ ತಯಾರಿಕೆ ನಿಂತಿತು. 20.9 ಮೆಗಾಪಿಕ್ಸೆಲ್, ಸೆಕೆಂಡಿಗೆ ಹತ್ತು ಚಿತ್ರ, ಚೌಕಟ್ಟಿನ ಅಂಚಿನವರೆಗೂ ಹರಡಿದ 153 ಫೋಕಸ್ ಬಿಂದು. ಹಾರುವ ಹಕ್ಕಿಗೆ ಕ್ರಾಪ್ ಡಿಎಸ್‌ಎಲ್‌ಆರ್‌ಗಳಲ್ಲಿ ಇದನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಬಜೆಟ್ ಅಷ್ಟಿಲ್ಲದಿದ್ದರೆ 2017ರ ಡಿ7500. ಅದೇ 20.9 ಮೆಗಾಪಿಕ್ಸೆಲ್, ಸೆಕೆಂಡಿಗೆ ಎಂಟು ಚಿತ್ರ, 51 ಬಿಂದು. ಕೆನಾನ್ ಕಡೆಯಲ್ಲಿ 7ಡಿ ಮಾರ್ಕ್ 2 ಗಟ್ಟಿಮುಟ್ಟು, ಆದರೆ 2014ರದ್ದು. 2019ರ 90ಡಿ ಹೊಸದು, 32.5 ಮೆಗಾಪಿಕ್ಸೆಲ್, ಸೆಕೆಂಡಿಗೆ ಹತ್ತು ಚಿತ್ರ. 1500ಡಿ, ಡಿ3500 ಕಲಿಯಲು ಚೆನ್ನ, ಕೂತ ಬೆಕ್ಕಿಗೂ ಕೂತ ಹಕ್ಕಿಗೂ ಸಾಕು. ಹಾರುವುದಕ್ಕೆ, ಓಡುವುದಕ್ಕೆ ತಿಣುಕುತ್ತವೆ.

ನಾಯಿ, ಬೆಕ್ಕಿನ ಫೋಟೊವನ್ನು ಅವುಗಳ ಕಣ್ಣಿನ ಎತ್ತರದಿಂದ ತೆಗೆದರೆ ಚೆನ್ನ. ಅಂದರೆ ನೆಲಕ್ಕೆ ಮಲಗಬೇಕು. ಮಂಡಿ ನೋವಿರುವವರಿಗೆ, ಪರದೆಯನ್ನು ಹೊರಕ್ಕೆ ತಿರುಗಿಸಿ ಅದರಲ್ಲಿ ನೋಡಿ ತೆಗೆಯುವುದು ಅನುಕೂಲ. ಆದರೆ ಪರದೆ ನೋಡಿ ತೆಗೆಯುವಾಗ ಕನ್ನಡಿ ಮೇಲೆದ್ದೇ ಇರುತ್ತದೆ, ಫೋಕಸ್ ಕೆಲಸ ಚಿತ್ರದ ಸೆನ್ಸರ್‌ನದ್ದೇ. ಇದರಲ್ಲಿ ಕೆನಾನ್ ಮುಂದೆ. ಅದರ 80ಡಿ, 90ಡಿ, 200ಡಿ ಮಾರ್ಕ್ 2 ಬಾಡಿಗಳಲ್ಲಿ ಡ್ಯುಯಲ್ ಪಿಕ್ಸೆಲ್ ಎಂಬ ವ್ಯವಸ್ಥೆ ಇದೆ, ಪರದೆಯಲ್ಲೂ ಫೋಕಸ್ ಬೇಗ ಕೂರುತ್ತದೆ. ಡಿ500, ಡಿ7500ರಲ್ಲಿ ಪರದೆಯ ಫೋಕಸ್ ನಿಧಾನ. ಸಾಕುಪ್ರಾಣಿಯೇ ನಿಮಗೆ ಮುಖ್ಯವಾದರೆ ಈ ಒಂದು ಕಾರಣಕ್ಕೆ ಕೆನಾನ್ ನೋಡಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅವಸರ ಬೇಡ. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಟೆಲಿ ಲೆನ್ಸ್ ಕೊಂಡೆ. ಹೊರಗೆ ಒಂದು ಗೀರೂ ಇರಲಿಲ್ಲ. ಮನೆಗೆ ತಂದು ಹಿಂದಿನಿಂದ ಟಾರ್ಚ್ ಹಾಕಿ ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಫಂಗಸ್. ವಾಪಸ್ ತಗೊಳ್ಳಲಿಲ್ಲ. ಅಂದಿನಿಂದ ಜೇಬಿನಲ್ಲಿ ಟಾರ್ಚ್ ಇಲ್ಲದೆ ಲೆನ್ಸ್ ನೋಡಲು ಹೋಗುವುದಿಲ್ಲ. ಎರಡೂ ತುದಿಯಿಂದ ಬೆಳಕು ಹಾಯಿಸಿ, ಓರೆಯಾಗಿ ನೋಡಿ. ಬಾಡಿಯಲ್ಲಾದರೆ ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆಯಿರಿ, ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಆಮೇಲೆ ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಚಿತ್ರ ತೆಗೆದಿದೆ ಅನ್ನುವ ಲೆಕ್ಕ, ಕೇಳಿ. ಡಿ500ರ ಶಟರ್ ಅನ್ನು ಎರಡು ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದ್ದಾರೆ, ಡಿ3500ರದು ಒಂದು ಲಕ್ಷಕ್ಕೆ. ನಿಕಾನ್ ಚಿತ್ರದ ಫೈಲ್‌ನೊಳಗೇ ಆ ಸಂಖ್ಯೆ ಇರುತ್ತದೆ, ಮಾರುವವರಿಂದ ಅವತ್ತೇ ತೆಗೆದ ಒಂದು ಚಿತ್ರ ತರಿಸಿಕೊಂಡು ನೋಡಬಹುದು. ಹೊಸದು ಕೊಳ್ಳುವವರು ಜಿಎಸ್‌ಟಿ ಬಿಲ್, ಭಾರತದ ವಾರಂಟಿ ಕಾರ್ಡ್ ಎರಡೂ ಇಲ್ಲದೆ ದುಡ್ಡು ಕೊಡಬೇಡಿ.

ಮುಂದೆ ಮಿರರ್‌ಲೆಸ್‌ಗೆ ಹೋದರೆ ಈ ಲೆನ್ಸ್‌ಗಳೆಲ್ಲ ಏನಾಗುತ್ತವೆ ಎಂದು ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಕೆನಾನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಅದರ ಆರ್ ಕ್ಯಾಮೆರಾಗಳಲ್ಲಿ ನಡೆಯುತ್ತವೆ. ನಿಕಾನ್‌ನ ಎಎಫ್-ಎಸ್ ಲೆನ್ಸ್‌ಗಳು ಎಫ್‌ಟಿಜಡ್ ಅಡಾಪ್ಟರ್ ಮೂಲಕ ಜಡ್ ಕ್ಯಾಮೆರಾಗಳಲ್ಲಿ ನಡೆಯುತ್ತವೆ. ಒಳಗೆ ಮೋಟರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್‌ಗಳಿಗೆ ಮಾತ್ರ ಅಲ್ಲಿ ಆಟೊಫೋಕಸ್ ಸಿಗುವುದಿಲ್ಲ. ಡಿ3500, ಡಿ5600ರಲ್ಲೂ ಸಿಗುವುದಿಲ್ಲ. ಅಗ್ಗ ಎಂದು ಅವನ್ನು ಕೊಳ್ಳಬೇಡಿ.

ದೊಡ್ಡ ಲೆನ್ಸ್ ಅನ್ನು ಕೊಳ್ಳಲೇಬೇಕು ಅಂತೇನೂ ಇಲ್ಲ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರು ಇದ್ದಾರೆ. ವರ್ಷಕ್ಕೆ ಎರಡು ಸಫಾರಿ ಮಾಡುವವರಿಗೆ ಅದೇ ಲಾಭ. ಆದರೆ ಪ್ರಯಾಣಕ್ಕೆ ಎರಡು ದಿನ ಮುಂಚೆಯೇ ತಂದು, ಕೆರೆ ಮೇಲೆ ಹಾರುವ ಹದ್ದುಗಳನ್ನು ಹಿಡಿದು ಕೈ ಪಳಗಿಸಿಕೊಳ್ಳಿ. ಮೊದಲ ಸಲ 500 ಮಿ.ಮೀ.ನಲ್ಲಿ ನೋಡುವವರಿಗೆ ಹಕ್ಕಿಯನ್ನು ಚೌಕಟ್ಟಿನೊಳಗೆ ತರುವುದೇ ಕಷ್ಟ. ಜೀಪಿನಲ್ಲಿ ಟ್ರೈಪಾಡ್ ಇಡಲು ಜಾಗ ಇರುವುದಿಲ್ಲ. ಅಕ್ಕಿ ತುಂಬಿದ ಬಟ್ಟೆ ಚೀಲವನ್ನು ಕಂಬಿ ಮೇಲಿಟ್ಟು ಲೆನ್ಸ್ ಒರಗಿಸಿ. ಎಂಜಿನ್ ನಿಲ್ಲಿಸಲು ಡ್ರೈವರ್ ಅಣ್ಣನಿಗೆ ಹೇಳಿ, ಅದರ ನಡುಕ ಚಿತ್ರದಲ್ಲಿ ಕಾಣುತ್ತದೆ. ಕ್ಯಾಮೆರಾಗೆ ಬೇರೆ ಶುಲ್ಕ ಇರುತ್ತದೆ, ಕೆಲವು ಕಡೆ ಲೆನ್ಸ್ ಉದ್ದ ನೋಡಿ ಬೇರೆ ಬೇರೆ ದರ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಅಕ್ಕ ಕೊನೆಗೆ ತಗೊಂಡದ್ದು ಬಳಸಿದ ಒಂದು ಡಿ7500, ಒಂದು 50 ಎಫ್ 1.8, ಒಂದು ಎಎಫ್-ಪಿ 70-300. ಕಬಿನಿಗೆ 200-500 ಬಾಡಿಗೆಗೆ ಹೇಳಿಟ್ಟಿದ್ದಾರೆ. ಕ್ಯಾಮೆರಾ ಬಂದ ಸಂಜೆಯೇ ಮೇಲಿನಿಂದ ಟಪ್ ಟಪ್ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅಕ್ಕ ಕೆಳಗೆ ಬಂದರು. ಆ ಸದ್ದಿಗೆ ಚಿನ್ನಿ ಬೀರು ಹಿಂದೆ ಹೋಗಿ ಸೇರಿಕೊಂಡಿದ್ದಾಳಂತೆ. ಮೋಡ್ ಡಯಲ್ ಕೆಳಗಿನ ಇನ್ನೊಂದು ಡಯಲ್ ಅನ್ನು "ಕ್ಯೂ" ಎಂಬ ಮೆಲುದನಿಯ ಗುರುತಿಗೆ ತಿರುಗಿಸಿ ಕೊಟ್ಟೆ. ಎರಡು ದಿನ ಚಿತ್ರ ತೆಗೆಯದೆ, ಕ್ಯಾಮೆರಾವನ್ನು ಸುಮ್ನೆ ಸೋಫಾ ಮೇಲೆ ಇಟ್ಟಿರಿ, ಅವಳು ಮೂಸಿ ನೋಡಲಿ ಅಂದೆ.